ನಮ್ಮದೇ ಉಚಿತ ಕನ್ನಡ ಚಾನೆಲ್ ಬೇಕೆ, ಚಂದನವೇ ಸಾಕೆ? ಮುಂಬಯಿ, ಪುಣೆ, ಗೋವಾದವರು ಬರೆಯಿರಿ

ಠಾಣೆ ಪೂರ್ವ (ವಿಷಯ ತೆಗೆದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಸಭೆಯಲ್ಲಿ ಎದ್ದ ಮಾತು ಅಲ್ಲಿ ಮುಗಿಯಲಿಲ್ಲ, ಹಾಗಾಗಿ ಇಲ್ಲಿಗೆ ತಂದಿದ್ದೇನೆ. ಮುಂಬಯಿ, ಪುಣೆ, ಗೋವಾ ಮೂರೂ ಕಡೆಯ ಕನ್ನಡಿಗರು ಸೇರಿ ಒಂದು ಟಿ.ವಿ. ಚಾನೆಲ್ ಮಾಡಬೇಕು, ದುಡ್ಡು ಕೊಡದೆ ಎಲ್ಲರಿಗೂ ಸಿಗಬೇಕು ಎಂಬುದು ಹುಡುಗರ ವಾದ. ಅವರ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಖಾಸಗಿ ಕನ್ನಡ ಚಾನೆಲ್ ಬೇಕೆಂದರೆ ತಿಂಗಳು ತಿಂಗಳು ಪ್ಯಾಕ್ ಹಾಕಿಸಬೇಕು. ಹಾಕಿಸಿದರೂ ಅದರಲ್ಲಿ ನಾವು ಕಾಣಿಸಿಕೊಳ್ಳುವುದು ಮಳೆಗೆ ಲೋಕಲ್ ಟ್ರೇನ್ ನಿಂತಾಗ, ಇಲ್ಲವೇ ಗಡಿಯಲ್ಲಿ ಬಸ್ಸಿಗೆ ಕಲ್ಲು ಬಿದ್ದಾಗ. ಮಾಹಿಮಿನ ಕರ್ನಾಟಕ ಸಂಘದಲ್ಲಿ ನಾಟಕ ಆಗುತ್ತದೆ, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಊರಿನಿಂದ ಬಂದ ಮೇಳಗಳು ಇಲ್ಲಿ ರಾತ್ರಿಯಿಡೀ ಯಕ್ಷಗಾನ ಆಡಿ ಹೋಗುತ್ತವೆ. ಇದೆಲ್ಲ ಟಿ.ವಿ.ಯಲ್ಲಿ ಎಲ್ಲಿ?

ನನ್ನ ಅಭಿಪ್ರಾಯ ಬೇರೆ. ಹೊಸ ಚಾನೆಲ್ ಕಟ್ಟುವ ಮೊದಲು ಇರುವ ದೂರದರ್ಶನದ ಚಂದನವನ್ನು ನಾವು ಎಷ್ಟು ಬಳಸಿಕೊಂಡಿದ್ದೇವೆ ನೋಡೋಣ. ಅದು ಉಚಿತ, ಅದು ಕನ್ನಡ, ಅದು ಇಲ್ಲಿಗೂ ಬರುತ್ತದೆ. ನಾವು ಮಾತ್ರ ಅಲ್ಲಿಗೆ ಹೋಗಿಲ್ಲ. ವಾರಕ್ಕೆ ಅರ್ಧ ಗಂಟೆ ಹೊರನಾಡಿಗೆ ಕೊಡಿ ಅಂತ ಕೇಳಿ, ಕೊಟ್ಟರೆ ಅದನ್ನು ತುಂಬಿಸುವ ತಯಾರಿ ನಮಗಿದೆಯೇ? ಚಾನೆಲ್ ಲೈನಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಖರ್ಚುವೆಚ್ಚ ಹೇಳಿ.

ಕುರ್ಲಾ ಕೇಬಲ್

ಖರ್ಚು ನಾನು ಹೇಳ್ತೇನೆ ಮಾರಾಯ್ರೆ, ಇದೇ ದಂಧೆಯಲ್ಲಿ ತಲೆ ಬೆಳ್ಳಗಾದದ್ದು.

ಉಪಗ್ರಹ ಚಾನೆಲ್ ಅಂದ್ರೆ ಮೊದಲು ಕೇಂದ್ರ ಸರ್ಕಾರದ ಅನುಮತಿ. ಸುದ್ದಿ ಇಲ್ಲದ ಚಾನೆಲ್ ಆದ್ರೂ ಕಂಪೆನಿಯ ನಿವ್ವಳ ಆಸ್ತಿ 5 ಕೋಟಿ ತೋರಿಸ್ಬೇಕು. ಸುದ್ದಿ ಸೇರಿದ್ರೆ 20 ಕೋಟಿ. ಮೇಲೆ ವರ್ಷಕ್ಕೆ ಅಪ್‌ಲಿಂಕಿಂಗಿಗೆ, ಅಂದ್ರೆ ಉಪಗ್ರಹಕ್ಕೆ ಕಳಿಸ್ಲಿಕ್ಕೆ, 2 ಲಕ್ಷ, ಡೌನ್‌ಲಿಂಕಿಂಗಿಗೆ, ಅಂದ್ರೆ ಅಲ್ಲಿಂದ ಕೆಳಗೆ ತರ್ಲಿಕ್ಕೆ, 5 ಲಕ್ಷ ಅನುಮತಿ ಶುಲ್ಕ. ಇದು ಬರೀ ಕಾಗದದ ಖರ್ಚು. ಉಪಗ್ರಹದಲ್ಲಿ ಜಾಗದ ಬಾಡಿಗೆ ಬೇರೆ, ಅಲ್ಲಿಗೆ ಸಿಗ್ನಲ್ ಕಳಿಸುವ ಟೆಲಿಪೋರ್ಟಿಗೆ ಬೇರೆ, ಸ್ಟುಡಿಯೋ, ಸಂಬಳ, ಕರೆಂಟು. ಉಚಿತ ಅಂತ ದೂರದರ್ಶನದ್ದೇ ಉಚಿತ ಡಿಶ್ ಸೇವೆ ಡಿಡಿ ಫ್ರೀ ಡಿಶ್‌ನಲ್ಲಿ ಕೂತ್ಕೊಳ್ಳುವ ಅಂದ್ರೆ ಅಲ್ಲಿ ಖಾಸಗಿಯವರಿಗೆ ಜಾಗ ಕೊಡುವುದು ಹರಾಜಿನಲ್ಲಿ, ಲೆಕ್ಕ ಕೋಟಿಗಳಲ್ಲಿ. ನೋಡುವವರಿಗೆ ಉಚಿತ ಅಂದ್ರೆ ಇಷ್ಟೇ, ಅವರ ಬದಲಿಗೆ ಬೇರೆ ಯಾರೋ ದುಡ್ಡು ಕೊಟ್ಟಿರ್ತಾರೆ. ಖಾಸಗಿಯಲ್ಲಿ ಜಾಹೀರಾತಿನವರು, ಚಂದನದಲ್ಲಿ ಸರ್ಕಾರ.

ಸಣ್ಣ ದಾರಿ ಒಂದುಂಟು. ಕೇಬಲ್ ಕಂಪೆನಿಯವರು ತಮ್ಮ ಜಾಲದಲ್ಲೇ ಸ್ವಂತ ಚಾನೆಲ್ ನಡೆಸಬಹುದು. ಗಣಪತಿಯ ಆರತಿ, ಹಳೇ ಸಿನಿಮಾ, ಪಕ್ಕದ ಬಟ್ಟೆ ಅಂಗಡಿ ಜಾಹೀರಾತು ಬರ್ತದಲ್ಲ, ಅದು. ಹಾಗೆ ನೋಂದಾಯಿಸಿದ ಚಾನೆಲ್‌ಗಳು ಆ ಜಾಲ ಹೊರಬಲ್ಲ ಒಟ್ಟು ಚಾನೆಲ್‌ಗಳಲ್ಲಿ ಶೇ. 5 ದಾಟಬಾರದು, ಒಂದು ಜಾಲದ್ದು ಇನ್ನೊಂದರಲ್ಲಿ ಬರಬಾರದು. ಅಂದ್ರೆ ಕುರ್ಲಾದಲ್ಲಿ ಕಂಡದ್ದು ಡೊಂಬಿವಲಿಯಲ್ಲಿ ಕಾಣ್ಲಿಕ್ಕಿಲ್ಲ. ಪುಣೆ, ಗೋವಾ ಮಾತೇ ಬೇಡ.

ಪನ್ವೇಲ್ ಪಾಪಣ್ಣ

5 ಕೋಟಿ ಇದ್ದಿದ್ರೆ ಸಂಘದ ಹಾಲ್‌ಗೆ ಎ.ಸಿ. ಹಾಕಿಸ್ತಿದ್ವಿ.

ವಾಸ್ಕೋ ಬಸು

ನಮಸ್ಕಾರ್ರಿ. ಗೋವಾ ಅಂತ ಹೆಸರು ಹಾಕೀರಿ ಅಂತ ಬರ್ಯಾಕತ್ತೀನಿ.

ನಾವಿರೋದು ಝುವಾರಿನಗರದಾಗ. ನಮ್ಮ ಲೈನಿನಾಗ ಬಾಗಲಕೋಟಿ, ವಿಜಯಪುರ, ಗದಗ, ಕೊಪ್ಪಳದವರ ತುಂಬ್ಯಾರ. ಕಟ್ಟಡ ಕೆಲಸ, ಬಂದರ ಕೆಲಸ, ಮೀನ ಹೊರೋ ಕೆಲಸ. ತಿಂಗಳಾ ಮುನ್ನೂರ ರೂಪಾಯಿ ಟಿ.ವಿ.ಗೆ ಹಾಕೂ ಮಂದಿ ಅಲ್ರಿ ಇವ್ರು. ಅದಕ್ಕ ತಗಡಿನ ಮ್ಯಾಲೆ ಫ್ರೀ ಡಿಶ್ ಛತ್ರಿ. ಒಮ್ಮೆ ಛತ್ರಿ, ಡಬ್ಬಿ ತಗೊಂಡ್ರ ಮುಗೀತು, ರೀಚಾರ್ಜ್ ಅಂತ ಯಾರೂ ಕೇಳಂಗಿಲ್ಲ.

ಅದರಾಗ ಹಿಂದಿ ಚಾನೆಲ್ ರಾಶಿ ರಾಶಿ. ಕನ್ನಡ ಅಂದ್ರ ನಮಗ ಚಂದನಾನ ಗತಿ. ಮನ್ಯಾಗ ಅವ್ವ ಹಗಲೆಲ್ಲಾ ಅದನ್ನ ಹಚ್ಚಿರ್ತಾಳ. ಕೃಷಿ ದರ್ಶನ ಬಂತಂದ್ರ ನಮ್ಮ ಕಾಕಾ ಕುಂತು ನೋಡ್ತಾನ, ಹೊಲ ಮಾರಿ ಇಲ್ಲಿಗೆ ಬಂದಾವ. ಮೆಣಸಿನಕಾಯಿಗೆ ಬರೋ ರೋಗದ ಬಗ್ಗೆ ಹೇಳಿದ್ರ ಊರಾಗಿನ ತಮ್ಮಗ ಫೋನ್ ಹಚ್ಚಿ ಹೇಳ್ತಾನ.

ಚಾನೆಲ್ ಹೊಸಾದು ಬ್ಯಾಡ್ರಿ. ಇದ್ದದ್ದರಾಗ ನಮ್ಮ ಮಂದೀದೂ ಒಂದೀಟು ತೋರಸ್ರಿ.

ಕೋತ್ರೂಡ್ ಟೆಕ್ಕಿ

ಕ್ಷಮಿಸಿ, ಆದ್ರೆ ಯಾರೂ ಕೇಳದ ಪ್ರಶ್ನೆ ನಾನು ಕೇಳ್ತೀನಿ. ಈಗ ಟಿ.ವಿ. ಯಾಕೆ? ನನ್ನ ಫ್ಲಾಟ್‌ನಲ್ಲಿ ಕೇಬಲ್ಲೂ ಇಲ್ಲ, ಡಿಶ್ಶೂ ಇಲ್ಲ. ಚಂದನ ಯೂಟ್ಯೂಬ್‌ನಲ್ಲಿ ಸಿಗುತ್ತೆ. ದೂರದರ್ಶನ ನಡೆಸೋ ಪ್ರಸಾರ ಭಾರತಿಯ ವೇವ್ಸ್ ಆ್ಯಪ್ ಇದೆ, ಅದನ್ನ ಬಿಡುಗಡೆ ಮಾಡಿದ್ದೇ ನಿಮ್ಮ ಗೋವಾದಲ್ಲಿ, 2024ರ ನವೆಂಬರ್ 20ರಂದು, ಚಲನಚಿತ್ರೋತ್ಸವದಲ್ಲಿ. ನಾಲ್ಕು ಜನ ಸೇರಿ ಒಂದು ಯೂಟ್ಯೂಬ್ ಚಾನೆಲ್ ಮಾಡಿದ್ರೆ 5 ಕೋಟಿನೂ ಬೇಡ, ಹರಾಜೂ ಬೇಡ. ವಾರಕ್ಕೆ ಅರ್ಧ ಗಂಟೆ ಕೊಡಿ ಅಂತ ಸರ್ಕಾರಿ ಕಚೇರಿಗೆ ಅರ್ಜಿ ಹಾಕ್ಕೊಂಡು ಕೂರೋ ಅಷ್ಟರಲ್ಲಿ ಐವತ್ತು ವಿಡಿಯೋ ಹಾಕಬಹುದು ಕಣ್ರೀ.

ವಾಸ್ಕೋ ಬಸು

ಟೆಕ್ಕಿ ಸರ, ನಿಮ್ಮ ಮಾತು ಖರೆ. ಆದ್ರ ನಮ್ಮ ಅವ್ವಗ ಯೂಟ್ಯೂಬ್‌ನಾಗ ಹುಡುಕಾಕ ಬರೂದಿಲ್ರಿ. ರಿಮೋಟ್‌ನಾಗ ನಂಬರ್ ಒತ್ತಾಕ ಬರ್ತೈತಿ.

ಕುರ್ಲಾ ಕೇಬಲ್

ಬಸು ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸಿ. ಹೋಟೆಲಿನ ಸ್ಟಾಫ್ ರೂಮು ಗೊತ್ತುಂಟಲ್ಲ? ಹದಿನೈದು ಜನ, ಒಂದು ಟಿ.ವಿ. ರಾತ್ರಿ ಶಟರ್ ಎಳೆದು, ಪಾತ್ರೆ ತೊಳೆದು, ಸ್ನಾನ ಮಾಡಿ ಬಂದು ಕೂತ್ಕೊಳ್ಳುವಾಗ ಹನ್ನೊಂದೂವರೆ. ಅಲ್ಲಿ ಒಬ್ಬೊಬ್ಬನ ಮೊಬೈಲಿನಲ್ಲಿ ಒಂದೊಂದು ರೀಲ್ಸ್ ಓಡ್ತದೆ ನಿಜ. ಆದ್ರೂ ಟಿ.ವಿ. ಹಾಕಿಯೇ ಇರ್ತದೆ. ಕುಂದಾಪುರದ ಭಟ್ರು, ಬಿಹಾರದ ಹುಡುಗ, ನೇಪಾಳದ ವಾಚ್‌ಮನ್ ಎಲ್ಲ ಸೇರಿ ಒಂದೇ ಪರದೆ ನೋಡುವುದು ಬೇರೆಯೇ ಸಂಗತಿ. ಮಾಲೀಕರು ಕನ್ನಡ ಪ್ಯಾಕಿಗೆ ದುಡ್ಡು ಹಾಕುದಿಲ್ಲ, ಎಕ್ಸಾಸ್ಟ್ ಫ್ಯಾನಿನ ಸಂದಿಯಿಂದ ಫ್ರೀ ಡಿಶ್ ವಯರು ಎಳೆದು ಕೊಡ್ತಾರೆ.

ಮಾಟುಂಗಾ ಶಾರದಾ

ನನಗೆ ಎಪ್ಪತ್ತು ದಾಟಿತು, ಹಳೆಯದನ್ನು ಸ್ವಲ್ಪ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ದಿಲ್ಲಿ ಬಿಟ್ಟರೆ ದೇಶದಲ್ಲಿ ಎರಡನೆಯ ಕೇಂದ್ರ ಇದೇ. ಮರುವರ್ಷ ಸಿಂಹಗಡದ ಮೇಲೆ ಟ್ರಾನ್ಸ್‌ಮಿಟರ್ ಹಾಕಿ ಪುಣೆಗೂ ಕೊಟ್ಟರು. ಮರಾಠಿ, ಹಿಂದಿ ಇತ್ತು, ಗುಜರಾತಿಯವರಿಗೂ ಕಾರ್ಯಕ್ರಮ ಇತ್ತು, ಪಕ್ಕದ ಮನೆಯ ಬೇನ್ ‘ಆವೋ ಮಾರಿ ಸಾಥೆ’ ಬಂದರೆ ಒಲೆ ಆರಿಸಿ ಬಂದು ಕೂರುತ್ತಿದ್ದರು. ಕನ್ನಡಕ್ಕೆ ಅಂಥದ್ದೊಂದು ಕಾಯಂ ಜಾಗ ಸಿಕ್ಕ ನೆನಪು ನನಗಿಲ್ಲ. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಚಿತ್ರ ಹಾಕುತ್ತಿದ್ದರಲ್ಲ, ಅದರಲ್ಲಿ ಕನ್ನಡದ ಸರದಿ ಬರುವುದನ್ನು ಕಾಯುತ್ತಿದ್ದೆವು. ಬಂದ ದಿನ ನಮ್ಮ ಚಾಳಿನ ಕನ್ನಡದವರೆಲ್ಲ ಒಂದೇ ಕೋಣೆಯಲ್ಲಿ. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದ್ದುದರಿಂದ ಮರಾಠಿ ನೆರೆಯವರೂ ಬರುತ್ತಿದ್ದರು.

ಆಮೇಲೆ ಬೆಂಗಳೂರು ಕೇಂದ್ರದ ಕಾರ್ಯಕ್ರಮ ಉಪಗ್ರಹದ ಮೂಲಕ ಬರತೊಡಗಿತು, ಡಿಡಿ-9 ಅಂತ ಹೆಸರು. ಚಂದನ ಎಂಬ ಹೆಸರು ಬಂದದ್ದು ಅದರ ನಂತರ. ಮುಂಬಯಿ ಕೇಂದ್ರದ ಮರಾಠಿ ಚಾನೆಲ್ಲಿಗೆ ಸಹ್ಯಾದ್ರಿ ಎಂದು ಹೆಸರಾಯಿತಲ್ಲ, ಸುಮಾರು ಅದೇ ಹೊತ್ತಿಗೆ. 1994ರಲ್ಲಿ ಉದಯ ಟಿ.ವಿ. ಬಂತು, 2000ದ ಕೊನೆಗೆ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ. ಒಂದೊಂದು ಬಂದಂತೆ ಚಂದನ ನೋಡುವವರು ಕಡಿಮೆಯಾದರು.

ಆದರೆ ಮುಂಬಯಿಯವರು ಅಲ್ಲಿ ಇರಲೇ ಇಲ್ಲ ಎಂಬ ಮಾತು ಸರಿಯಲ್ಲ, ಠಾಣೆಯವರೆ. ‘ಗುಡ್ಡದ ಭೂತ’ ಧಾರಾವಾಹಿ ನೆನಪಿದೆಯೇ? 1990ರ ಆಸುಪಾಸಿನದು. ಆ ಶೀರ್ಷಿಕೆ ಗೀತೆ ಕೇಳಿದರೆ ಈಗಲೂ ನಮ್ಮ ವಯಸ್ಸಿನವರು ತಲೆ ಎತ್ತುತ್ತಾರೆ. ಪ್ರಕಾಶ್ ರೈ ಆಗಿನ್ನೂ ಹೊಸ ಮುಖ. ಅದನ್ನು ನಿರ್ದೇಶಿಸಿದ ಸದಾನಂದ ಸುವರ್ಣರು ಮೂಲ್ಕಿಯಿಂದ ಮುಂಬಯಿಗೆ ಬಂದು ಇಲ್ಲಿನ ಕನ್ನಡ ರಂಗಭೂಮಿಯಲ್ಲೇ ದಶಕಗಟ್ಟಲೆ ದುಡಿದವರು. 2024ರಲ್ಲಿ ತೀರಿಕೊಂಡರು. ಮುಂಬಯಿಯ ನಾಟಕದ ತಾಲೀಮು ದೂರದರ್ಶನದ ಪರದೆಗೆ ಹೇಗೆ ಹೋಗಬಹುದು ಎಂಬುದಕ್ಕೆ ಅದಕ್ಕಿಂತ ಬೇರೆ ಉದಾಹರಣೆ ಬೇಡ. ಆಮೇಲೆ ಆ ದಾರಿಯಲ್ಲಿ ನಾವು ನಡೆಯಲಿಲ್ಲ.

ಡೊಂಬಿವಲಿ ಫಾಸ್ಟ್

ಶಾರದಕ್ಕ ಹೇಳಿದ್ದು ಕೇಳೋದಕ್ಕೆ ಚೆನ್ನಾಗಿದೆ. ಆದರೆ ಈಗಿನ ಚಂದನ ನೋಡಿದ್ದೀರಾ? ಮರುಪ್ರಸಾರದ ಮೇಲೆ ಮರುಪ್ರಸಾರ. ಯಾವ ಕಾರ್ಯಕ್ರಮ ಎಷ್ಟು ಹೊತ್ತಿಗೆ ಅಂತ ಹುಡುಕಿದರೂ ಸಿಗಲ್ಲ. ಸೆಟ್ಟು ನೋಡಿದರೆ ಹಿಂದೆ ಒಂದು ಪ್ಲಾಸ್ಟಿಕ್ ಹೂಕುಂಡ, ಮುಂದೆ ಇಬ್ಬರು ಕುರ್ಚಿಯಲ್ಲಿ, “ಹೇಳಿ ಸರ್, ನಿಮ್ಮ ಬಾಲ್ಯದ ಬಗ್ಗೆ”. ಮಂತ್ರಿಗಳು ರಿಬ್ಬನ್ ಕತ್ತರಿಸುವುದನ್ನು ಇಡೀ ನೋಡಬೇಕು. ಒಳ್ಳೆ ಮನಸ್ಸಿನಿಂದ ಕೂತರೂ ನಿದ್ದೆ ಬರುತ್ತೆ. ಇದನ್ನ ಸುಧಾರಿಸದೆ ನಮ್ಮ ಅರ್ಧ ಗಂಟೆ ಸೇರಿಸಿದರೆ ಇನ್ನೊಂದು ಅರ್ಧ ಗಂಟೆ ನಿದ್ದೆ.

ಸಾಂತಾಕ್ರೂಜ್ ಟೀಚರ್

ಡೊಂಬಿವಲಿ ಅವರೇ, ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅದೇ ಚಂದನದಲ್ಲಿ ‘ಥಟ್ ಅಂತ ಹೇಳಿ’ 2002ರಿಂದ ಬರುತ್ತಿದೆ. ಆ ಕ್ವಿಜ್ ನಡೆಸಿಕೊಡುವ ಡಾ. ನಾ. ಸೋಮೇಶ್ವರ ಅವರು ವೃತ್ತಿಯಿಂದ ವೈದ್ಯರು, ಬಹುಮಾನ ಅಂತ ಕೊಡುವುದು ಪುಸ್ತಕ. ಕಾರು, ಕೋಟಿ ಏನೂ ಇಲ್ಲ. ಸಾವಿರಾರು ಕಂತು ಆಗಿವೆ. ಯಾವ ಖಾಸಗಿ ಚಾನೆಲ್ ಪುಸ್ತಕ ಬಹುಮಾನ ಇಟ್ಟು ಎರಡು ದಶಕ ಕ್ವಿಜ್ ನಡೆಸಿದೆ, ಹೇಳಿ? ನಾನು ಏಳನೆಯ ತರಗತಿಯ ಮಕ್ಕಳಿಗೆ ಶನಿವಾರ ಅದೇ ಮಾದರಿಯಲ್ಲಿ ಪ್ರಶ್ನೆ ಕೇಳುತ್ತೇನೆ. ಗೆದ್ದವರಿಗೆ ಪುಸ್ತಕ, ನನ್ನ ಕಪಾಟಿನದೇ.

ಇನ್ನೊಂದು ವಿಷಯ, ಇದನ್ನು ಇಲ್ಲಿ ಯಾರೂ ಎತ್ತಲಿಲ್ಲ. 2020ರ ಜುಲೈಯಲ್ಲಿ ಶಾಲೆ ಮುಚ್ಚಿದ್ದಾಗ ಚಂದನದಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಗೆ ‘ಸೇತುಬಂಧ’ ಪಾಠ ಶುರುಮಾಡಿದರು. ಆಗ ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ಒಂದೇ ಫೋನು. ಅಪ್ಪ ಕೆಲಸಕ್ಕೆ ಹೋದರೆ ಫೋನೂ ಹೋಯಿತು. ಆನ್‌ಲೈನ್ ಕ್ಲಾಸಿಗೆ ಬರುತ್ತಿದ್ದವರು ಕೈಬೆರಳಲ್ಲಿ ಎಣಿಸುವಷ್ಟು. ಚಂದನ ನೋಡಿ ಎಂದು ನಾವು ಹೇಳಿದೆವು. ತೊಡಕು ಏನೆಂದರೆ ಅದು ಕರ್ನಾಟಕದ ಪಠ್ಯ. ನಮ್ಮ ಮಕ್ಕಳು ಓದುವುದು ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲಿ ಅಚ್ಚು ಹಾಕುವ ಪುಸ್ತಕ. ಗಣಿತ, ವಿಜ್ಞಾನ ಹೇಗೋ ಹೊಂದಿಸಿಕೊಂಡೆವು, ಬೀಜಗಣಿತಕ್ಕೆ ರಾಜ್ಯ ಯಾವುದಾದರೇನು. ಇತಿಹಾಸ, ಭೂಗೋಳ ಹೊಂದಲಿಲ್ಲ. ಅಲ್ಲಿ ಕಾವೇರಿ ಕೊಳ್ಳದ ಪಾಠ ನಡೆಯುತ್ತಿದ್ದರೆ ಇಲ್ಲಿ ಪರೀಕ್ಷೆಗೆ ಬೇರೆಯೇ. ಆದರೂ ಕನ್ನಡದಲ್ಲಿ ಒಬ್ಬ ಶಿಕ್ಷಕರು ಕಪ್ಪು ಹಲಗೆಯ ಮುಂದೆ ನಿಂತು ಸಾವಕಾಶವಾಗಿ ಪಾಠ ಹೇಳುವುದನ್ನು ನಮ್ಮ ಮಕ್ಕಳು ಮನೆಯಲ್ಲಿ ಕೂತು ನೋಡಿದರು.

ವಾರಕ್ಕೆ ಅರ್ಧ ಗಂಟೆ ಸಿಕ್ಕರೆ ನನ್ನ ಬೇಡಿಕೆ ನಾಟಕವೂ ಅಲ್ಲ, ಯಕ್ಷಗಾನವೂ ಅಲ್ಲ. ಕನ್ನಡದ ಮೂಲಕ ಮರಾಠಿ ಕಲಿಸುವ ಹತ್ತು ನಿಮಿಷ. ಇಲ್ಲಿನ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಊರಿನಿಂದ ಹೊಸದಾಗಿ ಬಂದ ಮಗು ಮೊದಲ ವರ್ಷ ಅದರಲ್ಲೇ ಸೋತುಹೋಗುತ್ತದೆ.

ವಾಸ್ಕೋ ಬಸು

ಟೀಚರ್, ಕೊಂಕಣಿನೂ ಸೇರಸ್ರಿ. ಇಲ್ಲಿ ಪೇಪರ್ ಕೆಲಸಕ್ಕ ಪಂಚಾಯ್ತಿಗೆ ಹೋದ್ರ ನಮ್ಮವ್ರು ಬಾಗಲಾಗ ನಿಂತು ವಾಪಸ್ ಬರ್ತಾರ.

ಕೋತ್ರೂಡ್ ಟೆಕ್ಕಿ

ಟೀಚರ್ ಐಡಿಯಾ ತುಂಬಾ ಇಷ್ಟ ಆಯ್ತು, ಅದನ್ನ ನಾನು ಒಪ್ಪಿದೆ. ಆದರೆ ಚಾನೆಲ್‌ನವರು ಯಾಕೆ ಒಪ್ಪಬೇಕು ಅಂತ ಯೋಚಿಸಿ.

2011ರ ಜನಗಣತಿ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆ ಅಂತ ಬರೆಸಿದವರು ಸುಮಾರು 10 ಲಕ್ಷ. ಗೋವಾದಲ್ಲಿ ಜನಸಂಖ್ಯೆಯ ಶೇ. 4ಕ್ಕಿಂತ ಹೆಚ್ಚು. ಮಹಾರಾಷ್ಟ್ರದ ಲೆಕ್ಕದಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ಬಹಳ. ಮುಂಬಯಿಯ ಹೋಟೆಲಿನವರಲ್ಲಿ ತುಳು ಬರೆಸಿದವರು ಇದರಲ್ಲಿ ಬರೋದೇ ಇಲ್ಲ, ಮನೆಯಲ್ಲಿ ಕನ್ನಡ ಪೇಪರ್ ಓದ್ತಾರೆ, ಕನ್ನಡ ನಾಟಕಕ್ಕೆ ಟಿಕೆಟ್ ತಗೋತಾರೆ, ಗಣತಿಯಲ್ಲಿ ಬೇರೆ ಸಾಲು. ಹಾಗಾಗಿ ನಾವು ಎಷ್ಟು ಜನ ಅನ್ನೋದೇ ಹೊರಗಿನವರಿಗೆ ಕಾಣೋದಿಲ್ಲ.

ಟಿ.ವಿ. ರೇಟಿಂಗ್‌ದು ಇನ್ನೂ ಕಷ್ಟ. ಕನ್ನಡ ಚಾನೆಲ್‌ಗಳ ಸ್ಪರ್ಧೆ ನಡೆಯೋದು ಕರ್ನಾಟಕದ ಮಾರುಕಟ್ಟೆಯ ಅಂಕಿಗಳ ಮೇಲೆ. ಬೆಂಗಳೂರಿನ ಸಾಬೂನು ಜಾಹೀರಾತಿನವರಿಗೆ ವಾಸ್ಕೋದ ಅವ್ವ ನೋಡಿದ್ರೂ ಒಂದೇ, ಬಿಟ್ರೂ ಒಂದೇ. ಖಾಸಗಿ ಕನ್ನಡ ಚಾನೆಲ್‌ಗಳಲ್ಲಿ ನಾವು ಯಾಕಿಲ್ಲ ಅನ್ನೋದಕ್ಕೆ ಉತ್ತರ ಇದೇ, ದ್ವೇಷ ಏನೂ ಇಲ್ಲ, ನಾವು ಅವರ ಲೆಕ್ಕದಲ್ಲೇ ಇಲ್ಲ. ಸಾರ್ವಜನಿಕ ಪ್ರಸಾರ ಅಂತ ಒಂದು ಇರೋದೇ ಲೆಕ್ಕಕ್ಕೆ ಸಿಗದವರಿಗಾಗಿ ಅಂತ ನಾವು ಕೇಳಬಹುದು. 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಮಾಡಿ, 1997ರಲ್ಲಿ ಅದನ್ನ ಜಾರಿಗೆ ತಂದಿದ್ದು ಬರೀ ರಿಬ್ಬನ್ ಕತ್ತರಿಸೋದು ತೋರಿಸೋಕಲ್ಲ ತಾನೇ.

(ಅಂದಹಾಗೆ, ಯೂಟ್ಯೂಬ್ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ. ಎರಡೂ ಮಾಡೋಣ.)

ಠಾಣೆ ಪೂರ್ವ

ಕುರ್ಲಾ ಅಣ್ಣ, ಒಂದು ಸಂದೇಹ. ನಮ್ಮ ಸೊಸೈಟಿಯಲ್ಲಿ ಕೇಬಲ್‌ನವನನ್ನು ಚಂದನ ಯಾವ ನಂಬರಿನಲ್ಲಿದೆ ಎಂದು ಕೇಳಿದರೆ “ಕನ್ನಡ ಪ್ಯಾಕ್ ಹಾಕಿಸಿ, ಬರುತ್ತದೆ” ಎನ್ನುತ್ತಾನೆ. ಉಚಿತ ಚಾನೆಲ್‌ಗೆ ಪ್ಯಾಕ್ ಯಾಕೆ?

ಕುರ್ಲಾ ಕೇಬಲ್

ಪ್ಯಾಕ್ ಬೇಡ. ಅವನಿಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುವುದು.

ಕೇಬಲ್ ಟಿ.ವಿ. ಕಾಯ್ದೆ 1995ರದ್ದು. ಅದರ 8ನೇ ಕಲಂನಲ್ಲಿ ದೂರದರ್ಶನ ಚಾನೆಲ್ ಕೊಡಲೇಬೇಕು ಅಂತ ಉಂಟು. ಮೊದಲು ಎರಡು ದೂರದರ್ಶನ, ಒಂದು ಪ್ರಾದೇಶಿಕ ಭಾಷೆಯದ್ದು ಅಂತ ಇತ್ತು. ಮುಂಬಯಿಯಲ್ಲಿ ಆ ಒಂದು ಅಂದ್ರೆ ಸಹ್ಯಾದ್ರಿ, ಇನ್ನೇನು. 2011ರ ತಿದ್ದುಪಡಿ ಬಂದ ಮೇಲೆ ಸರ್ಕಾರವೇ ಚಾನೆಲ್‌ಗಳ ಹೆಸರು ಹೇಳಿ ಪಟ್ಟಿ ಹೊರಡಿಸಬಹುದು ಅಂತ ಆಯ್ತು. ಆ ಕಡ್ಡಾಯ ಪಟ್ಟಿಯಲ್ಲಿ ಬೇರೆ ಬೇರೆ ರಾಜ್ಯದ ದೂರದರ್ಶನ ಚಾನೆಲ್‌ಗಳೂ ಸೇರಿದ್ವು, ಚಂದನವೂ.

ಡಬ್ಬಿ ಇಲ್ಲದ ಹಳೇ ಅನಲಾಗ್ ಕಾಲದಲ್ಲಿ ನಮ್ಮ ಕಂಟ್ರೋಲ್ ರೂಮಿನಿಂದ ಕಳಿಸ್ಲಿಕ್ಕೆ ಆಗುತ್ತಿದ್ದದ್ದೇ ಎಂಬತ್ತು ತೊಂಬತ್ತು ಚಾನೆಲ್. ಕನ್ನಡಕ್ಕೆ ಜಾಗ ಕೊಡ್ಬೇಕಾದ್ರೆ ಆ ಏರಿಯಾದಲ್ಲಿ ನಾಲ್ಕು ಶೆಟ್ರು ಬಂದು ಗಲಾಟೆ ಮಾಡ್ಬೇಕು. ಗಲಾಟೆ ಇದ್ದ ಗಲ್ಲಿಗೆ ಉದಯ, ಇಲ್ಲದ ಗಲ್ಲಿಗೆ ಇಲ್ಲ. ಮುಂಬಯಿಯಲ್ಲಿ ಅನಲಾಗ್ ಬಂದ್ ಆದದ್ದು 2012ರ ಅಕ್ಟೋಬರ್ ಕೊನೆಗೆ, ಪುಣೆಯಲ್ಲಿ 2013ರ ಮಾರ್ಚ್ ಕೊನೆಗೆ. ಸೆಟ್ ಟಾಪ್ ಡಬ್ಬಿ ಬಂದ ಮೇಲೆ ಜಾಗದ ತೊಂದರೆ ಇಲ್ಲ. 2019ರಲ್ಲಿ ಹೊಸ ದರದ ನಿಯಮ ಬಂತು, ಆಗ ಕನೆಕ್ಷನ್ನಿಗೆ ತಿಂಗಳಿಗೆ 130 ರೂಪಾಯಿ ಮತ್ತು ಜಿಎಸ್‌ಟಿ, ಒಟ್ಟು 153 ರೂಪಾಯಿ 40 ಪೈಸೆ. ದೂರದರ್ಶನದ ಚಾನೆಲ್‌ಗೆ ಅದರ ಮೇಲೆ ಒಂದು ಪೈಸೆ ಇಲ್ಲ.

ನೀವು ಮಾಡ್ಬೇಕಾದ್ದು ಇಷ್ಟೆ. ರಿಮೋಟಿನಲ್ಲಿ ಗೈಡ್ ತೆಗೆಯಿರಿ, ಕನ್ನಡ ವಿಭಾಗದಲ್ಲಿ ಇಲ್ಲದಿದ್ರೆ ದೂರದರ್ಶನ ಚಾನೆಲ್‌ಗಳ ಸಾಲಿನಲ್ಲಿ ನೋಡಿ. ಹೆಚ್ಚಾಗಿ ಅಲ್ಲಿ ಎಲ್ಲೋ ಕೊನೆಯಲ್ಲಿ ಇರ್ತದೆ. ಇಲ್ಲವಾದ್ರೆ ಕೇಬಲ್ ಕಂಪೆನಿಗೆ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ತಗೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ರೆ “ಹೋ ಜಾಯೇಗಾ” ಅಂತಾರೆ, ಆಗುದಿಲ್ಲ.

ಕೋತ್ರೂಡ್ ಟೆಕ್ಕಿ

ಬಸು ಅವರೇ, ನಮ್ಮ ಸೆಕ್ಯೂರಿಟಿಯವರು ಯಾದಗಿರಿ ಕಡೆಯವರು, ಫ್ರೀ ಡಿಶ್ ಹಾಕ್ಕೋಬೇಕಂತೆ. ಸಿಗ್ನಲ್ ಸಿಗ್ತಿಲ್ಲ. ಏನು ಮಾಡಬೇಕು?

ವಾಸ್ಕೋ ಬಸು

ಛತ್ರಿ ಮಾರಿ ಆಗ್ನೇಯಕ್ಕ ಇರಬೇಕ್ರಿ. ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ. ಪುಣೆ, ಮುಂಬಯಿ, ಗೋವಾ ಮೂರಕ್ಕೂ ಅದs ದಿಕ್ಕು, ಒಂದೀಟು ಹೆಚ್ಚುಕಡಿಮಿ. ಆಕಾಶದಾಗ ಅರ್ಧಕ್ಕಿಂತ ಮ್ಯಾಲೆ. ಆ ಕಡೆ ತೆಂಗಿನ ಗಿಡಾನೋ ದೊಡ್ಡ ಬಿಲ್ಡಿಂಗೋ ಇದ್ರ ಬರೂದಿಲ್ಲ.

ಹಳೇ ಡಬ್ಬಿ ಇದ್ರ ಕೆಲವು ಚಾನೆಲ್ ಬರಂಗಿಲ್ಲ, ಎಂಪೆಗ್-4 ಡಬ್ಬಿನ ತಗೋಳಾಕ ಹೇಳ್ರಿ. ಒಬ್ಬಾವ ಮ್ಯಾಲೆ ಛತ್ರಿ ಹಿಡೀಬೇಕು, ಒಬ್ಬಾವ ಕೆಳಗ ಟಿ.ವಿ. ಮುಂದ ನಿಂತು ಕೂಗಬೇಕು. ಡಬ್ಬಿಯೊಳಗ ಎರಡು ಪಟ್ಟಿ ತೋರಸ್ತೈತಿ. ಮೊದಲನೇದು ಸ್ಟ್ರೆಂತ್, ಅದು ಛತ್ರಿ ಎತ್ತ ಇಟ್ರೂ ತುಂಬಿರ್ತೈತಿ, ಅದನ್ನ ನಂಬಬ್ಯಾಡ್ರಿ. ಎರಡನೇದು ಕ್ವಾಲಿಟಿ. ಅದು ಎದ್ದ ಕೂಡ್ಲೇ ನಟ್ಟು ಬಿಗೀರಿ. ಬಿಗಿಯೋವಾಗ ಮತ್ತ ಜರಗತೈತಿ, ಮತ್ತ ಕೂಗಬೇಕು. ವಯರ್ ಸಂದಿಗೆ ಟೇಪ್ ಸುತ್ರಿ, ನೀರ ಹೋದ್ರ ಛತ್ರಿ ನಡುವ ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿ ಕೆಟ್ಟು ಹೋಗ್ತೈತಿ. ಜೋರ ಮಳಿ ಬಂದ್ರ ಚಿತ್ರ ಒಡೀತೈತಿ, ಅದಕ್ಕ ಏನೂ ಮಾಡಾಕ ಬರೂದಿಲ್ಲ, ಮಳಿ ನಿಂತ ಮ್ಯಾಲೆ ತಾನ ಬರ್ತೈತಿ.

ಪನ್ವೇಲ್ ಪಾಪಣ್ಣ

ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಗಾದ್ರೆ ಯೂಟ್ಯೂಬೇ ಗತಿ.

ಮಾಟುಂಗಾ ಶಾರದಾ

ಹಳೆಯ ಆಂಟೆನಾ ಎಷ್ಟು ಮಳೆಯಲ್ಲೂ ಬರುತ್ತಿತ್ತು, ಕಾಗೆ ಕೂತರೆ ಮಾತ್ರ ಕೈಕೊಡುತ್ತಿತ್ತು. ಅದನ್ನೂ ನಿಲ್ಲಿಸಿದರಲ್ಲ?

ಕುರ್ಲಾ ಕೇಬಲ್

ಹೌದು ಶಾರದಕ್ಕ. ಅನಲಾಗ್ ಭೂಪ್ರಸಾರ ಹೆಚ್ಚುಕಡಿಮೆ ಎಲ್ಲ ಕಡೆ 2022ರ ಮಾರ್ಚ್ ಒಳಗೆ ಬಂದ್. ಗಡಿಯಲ್ಲಿ, ಆಯಕಟ್ಟಿನ ಜಾಗದಲ್ಲಿ ಕೆಲವು ಉಳಿಸಿದ್ರು ಅಷ್ಟೆ. ಈಗ ಉಚಿತ ದೂರದರ್ಶನ ಅಂದ್ರೆ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ 33 ಚಾನೆಲಿನಿಂದ ಶುರುವಾದದ್ದು ಅದು.

ವಾಸ್ಕೋ ಬಸು

ಛತ್ರಿ ಅಂದ ಕೂಡ್ಲೇ ನಮ್ಮಪ್ಪ ಹೇಳೂದು ನೆನಪಾತು. ಅವರು ಸಣ್ಣಾವ್ರಿದ್ದಾಗ ವಿಜಯಪುರ ಜಿಲ್ಲಾದ ಅವರ ಊರಿಗೆ ಸರ್ಕಾರದವ್ರು ಟಿ.ವಿ. ತಂದಿಟ್ಟಿದ್ರಂತ. ಛತ್ರಿ ಅಂದ್ರ ಕೋಳಿ ಜಾಳಿಗಿಲೆ ಮಾಡಿದ್ದು, ಹತ್ತು ಫೂಟು ಅಗಲ. ಸಾಲಿ ಮುಂದ ಇಡೀ ಊರು ಕುಂದರತಿತ್ತು.

ಸಾಂತಾಕ್ರೂಜ್ ಟೀಚರ್

ಬಸು, ನಿಮ್ಮ ತಂದೆ ಹೇಳಿದ್ದು ‘ಸೈಟ್’ ಪ್ರಯೋಗ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ತಂದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರ ಪ್ರಸಾರ ಮಾಡಿದರು. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಕ್ಕೆ ಟ್ರಾನ್ಸ್‌ಮಿಟರ್ ಬಂತು, ಬೆಂಗಳೂರಿಗಿಂತ ಮೊದಲೇ.

ಠಾಣೆಯವರು ಬರೆಯುವ ಪತ್ರದಲ್ಲಿ ಇದನ್ನು ಹಾಕಿ. ಕನ್ನಡ ಟಿ.ವಿ.ಯ ಮೊದಲ ಕಾರ್ಯಕ್ರಮಗಳೇ ಹೊರರಾಜ್ಯದಲ್ಲಿ ತಯಾರಾಗಿ ಬಂದಿದ್ದಿರುವಾಗ ಈಗ ಮುಂಬಯಿಯಲ್ಲಿ ತಯಾರಿಸಿ ಕಳಿಸುವುದರಲ್ಲಿ ನಿಯಮ ಮುರಿಯುವಂಥದ್ದು ಏನೂ ಇಲ್ಲ.

ಡೊಂಬಿವಲಿ ಫಾಸ್ಟ್

ಇದು ಗೊತ್ತಿರಲಿಲ್ಲ. ಸರಿ, ಪತ್ರ ಬರೆಯಿರಿ, ನನ್ನ ಸಹಿಯೂ ಇರಲಿ. ಆದರೆ ಒಂದು ಶರತ್ತು. ಪದಾಧಿಕಾರಿಗಳ ಸನ್ಮಾನ, ಹಾರ, ಶಾಲು, “ಗಣ್ಯರು ದೀಪ ಬೆಳಗಿಸಿದರು” ಇವು ಅರ್ಧ ಗಂಟೆಯಲ್ಲಿ ಒಂದು ಸೆಕೆಂಡೂ ಬರಕೂಡದು. ನಮ್ಮ ಸಂಘಗಳ ವಿಡಿಯೋ ನೋಡಿದ್ದೇನೆ. ಮೂರು ಗಂಟೆಯ ಕಾರ್ಯಕ್ರಮದಲ್ಲಿ ಎರಡು ಗಂಟೆ ಶಾಲು.

ನಿರ್ವಾಹಕ

ಗಡಿ ವಿವಾದದ ಎರಡು ಪ್ರತಿಕ್ರಿಯೆ ತೆಗೆದಿದ್ದೇವೆ. ಅದಕ್ಕೆ ಬೇರೆ ವಿಷಯ ಇದೆ, ಅಲ್ಲಿ ಬರೆಯಿರಿ.

ಠಾಣೆ ಪೂರ್ವ

ಹೊಸ ಚಾನೆಲ್ ವಿಚಾರ ಅಲ್ಲಿಗೆ ಬಿಟ್ಟೆವು ಎಂದುಕೊಳ್ಳುತ್ತೇನೆ. ಬೆಂಗಳೂರು ಕೇಂದ್ರಕ್ಕೆ, ಜೆ.ಸಿ. ನಗರದ ವಿಳಾಸಕ್ಕೆ ಪತ್ರ ಹೋಗಲಿ. ಬರೀ ಬೇಡಿಕೆ ಇಟ್ಟರೆ ಫೈಲಿನಲ್ಲಿ ಸೇರುತ್ತದೆ, ಜೊತೆಗೆ ಮೂರು ಕಂತು ತಯಾರಿಸಿ ಕಳಿಸೋಣ. ಒಂದು ಟೀಚರ್ ಹೇಳಿದ ಮರಾಠಿ ಪಾಠ. ಇನ್ನೊಂದು ಝುವಾರಿನಗರದ್ದು, ಅಲ್ಲಿನವರೇ ಮಾತಾಡಬೇಕು, ನಾವು ಹೋಗಿ ಅವರ ಬಗ್ಗೆ ಮಾತಾಡುವುದಲ್ಲ. ಮೂರನೆಯದು ಇಲ್ಲಿನ ನಾಟಕದ ಒಂದು ಅಂಕ. ಪುಣೆಯವರು ಅದನ್ನೇ ಯೂಟ್ಯೂಬಿಗೂ ಹಾಕಲಿ. ಪತ್ರದ ನಕಲು ಮುಂಬಯಿ, ಪಣಜಿ ಕೇಂದ್ರಗಳಿಗೂ, ಅವರ ಸ್ಟುಡಿಯೋ ಒಂದು ದಿನ ಸಿಕ್ಕರೂ ಖರ್ಚು ಉಳಿಯುತ್ತದೆ.

ಕುರ್ಲಾ ಕೇಬಲ್

ವಿಡಿಯೋ ಮಾಡುವಾಗ ಒಂದು ಮಾತು. ಮದುವೆ ಶೂಟಿಂಗಿನ ಹುಡುಗರನ್ನು ಕರೆದ್ರೆ ಚಿತ್ರ ಚಂದ ಬರ್ತದೆ, ಧ್ವನಿ ಹಾಳು. ಸಭಾಂಗಣದ ಸ್ಪೀಕರ್ ಮುಂದೆ ಮೈಕ್ ಹಿಡೀಬೇಡಿ, ಸೌಂಡಿನವನ ಮಿಕ್ಸರಿನಿಂದ ನೇರ ವಯರು ತಗೊಳ್ಳಿ. ಡ್ರೋನ್ ಬೇಡ. ಟಿ.ವಿ.ಯವರು ಮೊದಲು ತಿರಸ್ಕರಿಸುವುದು ಧ್ವನಿ ಸರಿ ಇಲ್ಲ ಅಂತ.

ಮಾಟುಂಗಾ ಶಾರದಾ

ನಾಟಕದ ಅಂಕ ಎಂದಿರಿ. ನಾಟಕಕಾರರ ಅನುಮತಿ ಲಿಖಿತವಾಗಿ ಬೇಕು, ರಂಗಗೀತೆ ಇದ್ದರೆ ಸಂಗೀತ ಮಾಡಿದವರದ್ದೂ. ವೇದಿಕೆಯ ಮೇಲೆ ಆಡಲು ಕೊಟ್ಟ ಅನುಮತಿ ಟಿ.ವಿ.ಗೆ ಆಗುವುದಿಲ್ಲ, ಯೂಟ್ಯೂಬಿಗೆ ಅಂತೂ ಇಲ್ಲವೇ ಇಲ್ಲ. ಅದರ ಪತ್ರ ನಾನು ಬರೆಯುತ್ತೇನೆ, ಹಳೆಯ ತಂಡದವರಲ್ಲಿ ಇಬ್ಬರು ನಾಟಕಕಾರರ ಪರಿಚಯ ನನಗಿದೆ. ಒಪ್ಪಿಗೆ ಬರುವ ತನಕ ನಾಟಕದ ಶೂಟಿಂಗ್ ಬೇಡ, ಮೊದಲು ಮರಾಠಿ ಪಾಠ ತೆಗೆಯಿರಿ.

ಸಾಂತಾಕ್ರೂಜ್ ಟೀಚರ್

ದಸರಾ ರಜೆಯಲ್ಲಿ ನಮ್ಮ ಶಾಲೆಯ ಒಂದು ಕೋಣೆ ಸಿಗುತ್ತದೆ, ಮುಖ್ಯ ಗುರುಗಳನ್ನು ಕೇಳಿದ್ದೇನೆ. ಪಕ್ಕದಲ್ಲೇ ರೈಲ್ವೆ ಹಳಿ, ಲೋಕಲ್ ಹೋಗುವಾಗ ನಿಲ್ಲಿಸಿ ನಿಲ್ಲಿಸಿ ಮಾತಾಡಬೇಕಾಗುತ್ತದೆ. ಮಧ್ಯಾಹ್ನ ಒಂದರಿಂದ ಮೂರರ ಒಳಗೆ ಟ್ರೇನ್ ಸ್ವಲ್ಪ ಕಡಿಮೆ. ಕುರ್ಲಾ ಅಣ್ಣ, ಆ ಹೊತ್ತಿಗೆ ಸೌಂಡಿನವರನ್ನು ಕರೆತರಲು ಆಗುತ್ತದೆಯೇ?

ಕುರ್ಲಾ ಕೇಬಲ್

ಆಗ್ತದೆ. ಊಟ ಮಾತ್ರ ನಿಮ್ಮ ಕಡೆಯಿಂದ.